ಹಿತ್ತಲ ಕೋಳಿ, ಮನೆಯ ಮಕ್ಕಳು, ಸಾಲ್ಮೊನೆಲ್ಲಾ: ಪಶು ಸಖಿ ಗೆಳತಿಯರಿಗೆ ಟಿಪ್ಪಣಿ

ಕೋಳಿ ಸಾಕಣೆಯ ಪಾಠ ಇನ್ನೂ ಹಸಿಯಾಗಿರುವಾಗಲೇ ಇದನ್ನು ಬರೆದಿಡುತ್ತಿದ್ದೇನೆ. ಹಳ್ಳಿಯಲ್ಲಿ ದನ, ಕೋಳಿ ಆರೈಕೆಗೆ ನೆರವಾಗುವ ಪಶು ಸಖಿಯರು ನಾವು; ಗೂಡು, ಲಸಿಕೆ, ಮೇವು ನಿಮಗೆಲ್ಲ ಗೊತ್ತಿರುವುದೇ, ಬಿಟ್ಟಿದ್ದೇನೆ.

ಸಾಲ್ಮೊನೆಲ್ಲಾ ಎಂಬ ರೋಗಾಣು ಹೊತ್ತ ಕೋಳಿ ಜಡ್ಡು ಬಿದ್ದಂತೆ ಕಾಣಬೇಕೆಂದೇನಿಲ್ಲ. ಚೆನ್ನಾಗಿ ಮೇಯುತ್ತದೆ, ತತ್ತಿ ಇಡುತ್ತದೆ, ಹಿಕ್ಕೆಯಲ್ಲಿ ಮಾತ್ರ ರೋಗಾಣು ಹೊರಬೀಳುತ್ತಿರುತ್ತದೆ. ಅಲ್ಲಿಂದ ಪುಕ್ಕಕ್ಕೆ, ಕಾಲಿಗೆ, ನೀರಿನ ತಟ್ಟೆಗೆ, ಅಂಗಳದ ಮಣ್ಣಿಗೆ. ಆ ಮಣ್ಣಲ್ಲಿ ಆಡಿದ ಕೂಸಿನ ಬೆರಳಿಗೆ, ಬೆರಳಿನಿಂದ ಬಾಯಿಗೆ. ನಮ್ಮ ಯಾದಗಿರಿ ಹಳ್ಳಿಗಳಲ್ಲಿ ಯಾರಾದರೂ "ನಮ್ಮ ಕೋಳಿ ಚೆಂದ ಅದ ಅಕ್ಕಾ, ಮತ್ತ್ಯಾಕ ಹೆದರಬೇಕು?" ಅಂದರೆ ಈ ದಾರಿಯನ್ನೇ ಬಿಡಿಸಿ ಹೇಳಿ.

"ಕೋಳಿಯಿಂದ ಟೈಫಾಯ್ಡ್ ಬರ್ತದೇನು?" ಎಂದೂ ಕೇಳುತ್ತಾರೆ. ಇಲ್ಲ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮನುಷ್ಯರಲ್ಲೇ ಬದುಕುವಂಥದ್ದು. ಕೆಟ್ಟ ನೀರು, ಆಹಾರದಿಂದ ಹರಡುತ್ತದೆ. ಕೋಳಿಯಿಂದ ಬರುವುದು ಅದೇ ಕುಲದ ಬೇರೆ ಬಗೆಗಳು, ಅವು ತರುವುದು ಹೆಚ್ಚಾಗಿ ವಾಂತಿ, ಭೇದಿ, ಜ್ವರ.

ಇನ್ನು ತತ್ತಿ ತೊಳೆಯುವ ವಿಷಯ. ತಲೆಗೆ ಹತ್ತಲು ಹೊತ್ತು ತೆಗೆದುಕೊಂಡದ್ದು ಇದೇ. ಹಿಕ್ಕೆ ಅಂಟಿದ ತತ್ತಿ ಕಂಡರೆ ಕೈ ತಾನಾಗಿಯೇ ನೀರಿನ ಕಡೆ ಹೋಗುತ್ತದೆ. ಆದರೆ ತತ್ತಿಯ ಚಿಪ್ಪಿನ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಇಡುವಾಗಲೇ ಅದರ ಮೇಲೆ ಒಂದು ತೆಳುವಾದ ಲೇಪ ಬಂದು ಒಣಗಿ, ಆ ರಂಧ್ರಗಳನ್ನು ಮುಚ್ಚುತ್ತದೆ. ತೊಳೆದರೆ ಲೇಪ ಹೋಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ, ಆಗಷ್ಟೇ ಇಟ್ಟ ತತ್ತಿಯೂ ಬೆಚ್ಚಗಿರುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲೇ 40 ದಾಟುವುದರಿಂದ ಗೂಡಿನಲ್ಲಿ ಅದು ಆರುವುದೂ ಇಲ್ಲ. ಅದನ್ನು ಮಡಕೆಯ ತಣ್ಣೀರಲ್ಲಿ ಅದ್ದಿದರೆ ಒಳಗಿನ ದ್ರವ ಕುಗ್ಗುತ್ತದೆ, ಕುಗ್ಗಿದಷ್ಟು ಜಾಗಕ್ಕೆ ಹೊರಗಿನ ನೀರು ರಂಧ್ರಗಳಿಂದ ಒಳಗೆಳೆಯಲ್ಪಡುತ್ತದೆ. ಚಿಪ್ಪಿನ ಮೇಲಿದ್ದ ರೋಗಾಣು ಆ ನೀರಿನ ಜೊತೆ ಒಳಗೆ. ಅಂದರೆ ತೊಳೆಯುವ ಕೆಲಸವೇ ಹೊರಗಿನ ಕೊಳೆಯನ್ನು ಒಳಗೆ ಕಳಿಸಬಹುದು.

ಆದ್ದರಿಂದ ಒಣ ಬಟ್ಟೆಯಿಂದಲೋ ಒಣ ಬ್ರಷ್‌ನಿಂದಲೋ ಒರೆಸಿ. ತೊಳೆಯಲೇಬೇಕಾದರೆ ತತ್ತಿಗಿಂತ ಬೆಚ್ಚನೆಯ ನೀರಲ್ಲಿ, ಅದೂ ಬೇಯಿಸುವ ಹೊತ್ತಿಗೆ ಮಾತ್ರ. ಬಿರುಕು ಬಿಟ್ಟದ್ದನ್ನು ಎಸೆಯಿರಿ. ದಿನಾ ತತ್ತಿ ಎತ್ತಿ, ಗೂಡಿನ ಹುಲ್ಲು ಒಣದಾಗಿಡಿ, ಒರೆಸುವ ಕೆಲಸವೇ ಕಡಿಮೆಯಾಗುತ್ತದೆ.

ಆದರೂ ಹೊರಗೆ ಶುಭ್ರ ಎಂದರೆ ಒಳಗೂ ಶುಭ್ರ ಎಂದಲ್ಲ. ಸಾಲ್ಮೊನೆಲ್ಲಾ ಎಂಟರಿಟಿಡಿಸ್ ಎಂಬ ಬಗೆ ಕೋಳಿಯ ಅಂಡಾಶಯದಲ್ಲೇ ಕೂತು, ಚಿಪ್ಪು ಕಟ್ಟುವ ಮೊದಲೇ ತತ್ತಿಯೊಳಗೆ ಸೇರಬಹುದು. ಶಕ್ತಿ ಬರಲಿ ಎಂದು ಮಕ್ಕಳಿಗೆ ಜವಾರಿ ತತ್ತಿಯನ್ನು ಹಸಿಯಾಗಿ ಹಾಲಿಗೆ ಒಡೆದು ಕುಡಿಸುವುದನ್ನು ಇದೇ ಕಾರಣಕ್ಕೆ ಬಿಡಿಸಬೇಕು. ಹಿರಿಯರು ಪ್ರೀತಿಯಿಂದಲೇ ಕೊಡುತ್ತಾರೆ; ಬೈಯದೆ, "ಅವ್ವಾ, ಅದೇ ತತ್ತಿ ಗಟ್ಟಿ ಕುದಿಸಿ ಕೊಡ್ರಿ" ಅನ್ನಿ. ಬಿಳಿ, ಹಳದಿ ಎರಡೂ ಗಟ್ಟಿಯಾಗಬೇಕು.

5 ವರ್ಷದೊಳಗಿನ ಮಕ್ಕಳಿಗೆ ಅಪಾಯ ಹೆಚ್ಚು, ಅವರು ಕೋಳಿ, ಮರಿ ಮುಟ್ಟದಿದ್ದರೇ ಒಳ್ಳೆಯದು. ಬೀದಿಯಲ್ಲಿ ಮಾರಲು ಬರುವ ಗುಲಾಬಿ, ಹಸಿರು ಬಣ್ಣದ ಮರಿಗಳನ್ನು ನೋಡಿರುತ್ತೀರಿ: ಕೂಸು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತದೆ, ಮುತ್ತಿಡುತ್ತದೆ, ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತದೆ. ದೊಡ್ಡ ಮಕ್ಕಳು ಮುಟ್ಟಿದರೆ ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಬೇಕು, ದೊಡ್ಡವರು ಪಕ್ಕದಲ್ಲಿ ನಿಂತು ನೋಡಬೇಕು. ಗೂಡಿಗೆ ಬೇರೆ ಚಪ್ಪಲಿ. ಕೋಳಿಯ ತಟ್ಟೆಯನ್ನು ಅಡುಗೆಮನೆಗೆ ತರದೆ ಹೊರಗೇ ತೊಳೆಯಿರಿ.

ರೋಗಾಣು ಹೊಕ್ಕ 6 ಗಂಟೆಯಿಂದ 6 ದಿನದೊಳಗೆ ಹೊಟ್ಟೆನೋವು, ಭೇದಿ, ಜ್ವರ ಕಾಣಿಸಿಕೊಳ್ಳುತ್ತದೆ. ಓಆರ್‌ಎಸ್ ಕುಡಿಸುತ್ತಿರಿ, ಹಾಲುಣ್ಣುವ ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಒಣಗಿದ ಬಾಯಿ, ಉಚ್ಚೆ ಕಡಿಮೆ, ಮಂಕು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ. ತೀರಾ ಎಳೆಗೂಸಾದರೆ ಇವನ್ನು ಕಾಯಲೂಬೇಡಿ. ಮನೆಯಲ್ಲಿ ಕೋಳಿ ಸಾಕಿದ್ದೇವೆ ಎಂದು ಡಾಕ್ಟರಿಗೆ ಹೇಳಲು ತಾಯಿಗೆ ನೆನಪಿಸಿ. ಅವರು ಕೇಳದಿದ್ದರೂ ಹೇಳಬೇಕು.