ದೀಪ ಬಂತು, ಕತ್ತಲು ಎಲ್ಲಿ ಹೋಯಿತು?

ಸಂಜೆಯಾಗುತ್ತಲೇ ಅಜ್ಜಿ ಲಾಟೀನಿನ ಗಾಜನ್ನು ಬೂದಿ ಹಾಕಿ ಒರೆಸಿಡುತ್ತಿದ್ದಳು. ಬುಡ್ಡಿದೀಪದ ಮುಂದೆ ಕೂತು ಓದಿದರೆ ಬೆಳಿಗ್ಗೆ ಮೂಗು ಸೀಟಿದಾಗ ಕಪ್ಪು ಮಸಿ ಬರುತ್ತಿತ್ತು. ಆ ಹೊಗೆ ಕುಡಿದು ಬೆಳೆದ ಯಾರೂ ಕರೆಂಟನ್ನು ಹಳಿಯಲಾರರು, ನಾನೂ ಹಳಿಯುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ತಂತಿಗುಂಟ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಅಂದಿನಿಂದ ನಡುರಾತ್ರಿಯ ಹೆರಿಗೆಗಳಲ್ಲಿ ಎಷ್ಟು ಜೀವ ಉಳಿದಿವೆಯೋ, ಲೆಕ್ಕ ಇಟ್ಟವರಿಲ್ಲ.

ಆದರೆ ನಮ್ಮ ಕಣ್ಣು ನೋಡುವುದಕ್ಕೆ ಮಾತ್ರ ಇರುವುದಲ್ಲ. ಅಕ್ಷಿಪಟದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಕೆಲವೇ ಕೆಲವು ಕೋಶಗಳಿವೆ. ಅವುಗಳ ಮುಖ್ಯ ಕೆಲಸ ಚಿತ್ರ ಮೂಡಿಸುವುದಲ್ಲ, ಈಗ ಹಗಲೋ ಇರುಳೋ ಎಂದು ಮಿದುಳಿನ ಗಡಿಯಾರಕ್ಕೆ ತಿಳಿಸುವುದು. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕೆಂದರೆ ಅವಕ್ಕೆ ಹಗಲು. ಬಿಳಿ ಎಲ್‌ಇಡಿಯಲ್ಲೂ ಮೊಬೈಲಿನ ಪರದೆಯಲ್ಲೂ ಅದರ ಆಸುಪಾಸಿನ ನೀಲಿ ಸಾಕಷ್ಟಿದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೂ ಮಿದುಳಿಗೆ ಸಂಜೆಯೇ. ಇರುಳಾಯಿತೆಂದು ಮೈಗೆಲ್ಲ ಸಾರುವ ಮೆಲಟೋನಿನ್ ತಡವಾಗಿ ಒಸರುತ್ತದೆ.

ಹಾಗಾದರೆ ಹಿಂದಿನವರು ಹತ್ತು ಗಂಟೆ ಗಡದ್ದಾಗಿ ಮಲಗುತ್ತಿದ್ದರೇ? ನಾನೂ ಹಾಗೇ ನಂಬಿದ್ದೆ. ತಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ ಜನರ ನಿದ್ದೆಯನ್ನು ಅಳೆದು 2015ರಲ್ಲಿ ಪ್ರಕಟವಾದ ಅಧ್ಯಯನ ನನ್ನ ನಂಬಿಕೆ ಕೆಡವಿತು. ಕರೆಂಟಿಲ್ಲದ ಈ ಜನ ಮಲಗುವುದು ಸರಾಸರಿ 5.7ರಿಂದ 7.1 ಗಂಟೆ ಅಷ್ಟೇ, ಅದೂ ಹೊತ್ತು ಮುಳುಗಿ ಮೂರು ತಾಸು ಕಳೆದ ಮೇಲೆ. ಆದರೆ ನಿದ್ದೆ ಬಾರದೆ ಹೊರಳಾಡುವ ಕಾಯಿಲೆ ಅವರಲ್ಲಿ ತೀರಾ ಕಡಿಮೆ. ರಾತ್ರಿ ತಂಪೇರುತ್ತ ಹೋದಂತೆ ಅವರಿಗೆ ಜೋಂಪು ಹತ್ತುತ್ತದೆ, ಹೆಚ್ಚಿನವರು ಸೂರ್ಯ ಹುಟ್ಟುವ ಮೊದಲೇ ಏಳುತ್ತಾರೆ. ನಮಗೆ ತಪ್ಪಿರುವುದು ನಿದ್ದೆಯ ಗಂಟೆಗಳಿಗಿಂತ ಹೆಚ್ಚಾಗಿ ಹಗಲಿರುಳಿನ ಈ ಹದ.

ಇನ್ನೊಂದು ನಷ್ಟ ನಮ್ಮೊಬ್ಬರದೇ ಅಲ್ಲ. ಹೊನ್ನಾವರ, ಕುಂದಾಪುರದ ಮರಳಲ್ಲಿ ಮೊಟ್ಟೆಯೊಡೆದು ಬರುವ ಕಡಲಾಮೆ ಮರಿ ಬೆಳಕು ಹೆಚ್ಚಿರುವ ದಿಕ್ಕೇ ಸಮುದ್ರವೆಂದು ತೆವಳುತ್ತದೆ. ದಡದಲ್ಲಿ ದೀಪ ಉರಿಯುತ್ತಿದ್ದರೆ ಅದು ಹೊರಡುವುದು ರಸ್ತೆಯ ಕಡೆಗೆ. ದೀಪಕ್ಕೊಂದು ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೆ ತಿರುಗಿಸಿದರೆ ಎಷ್ಟೋ ತಪ್ಪುತ್ತದೆ. ಅದಕ್ಕೆ ಬುಡ್ಡಿದೀಪದ ಕಾಲಕ್ಕೆ ಮರಳಬೇಕಿಲ್ಲ.

ಜಗತ್ತಿನ ಮೂರನೇ ಒಂದು ಭಾಗದಷ್ಟು ಜನರಿಗೆ ಇಂದು ತಮ್ಮೂರಿನಿಂದ ಆಕಾಶಗಂಗೆ ಕಾಣುವುದಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತ ಖಗೋಳ ವಿಜ್ಞಾನಿಗಳು ಉಪಗ್ರಹ ಸಂಪರ್ಕದ ಮೂಲಕ ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ತಿರುಗಿಸಿ ನಕ್ಷತ್ರ ನೋಡುತ್ತಾರೆ. 4,500 ಮೀಟರ್ ಎತ್ತರದ ಆ ಜಾಗದಲ್ಲಿ ರಾತ್ರಿ ಇನ್ನೂ ಕಪ್ಪಗಿದೆ.