ನೀಲಿ ವೈರು ಯಾವುದಕ್ಕೆ ಸ್ವಾಮಿ?

ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಹೋದ ತಿಂಗಳು ಇಂಟರ್ನೆಟ್ ಕೇಬಲ್ ಎಳೆಸಿದೆವು. ಅದೇ ದಿನ ಎಲೆಕ್ಟ್ರಿಷಿಯನ್ ಕೂಡ ಬಂದಿದ್ದರು. ನೆಟ್ ಹುಡುಗ ಒಳಗಿಂದ ‘ಅಣ್ಣಾ, ಸ್ವಿಚ್ ಎಲ್ಲಿ ಹಾಕ್ಲಿ?’ ಎಂದ. ಅವರು ಏಣಿ ಮೇಲಿಂದಲೇ ‘ಬಾಗಿಲ ಪಕ್ಕ ಹಾಕಪ್ಪ, ಕೈಗೆ ಎಟುಕ್ಬೇಕು’ ಎಂದರು. ಹುಡುಗ ಕೇಳಿದ್ದು ಒಂದು ನೆಟ್ ಲೈನನ್ನು ಹಲವು ಕಂಪ್ಯೂಟರಿಗೆ ಹಂಚುವ ಎಂಟು ತೂತಿನ ಡಬ್ಬಿಯ ವಿಷಯ, ಅದಕ್ಕೂ ಸ್ವಿಚ್ ಅಂತಲೇ ಹೆಸರು. ಅವರು ಹೇಳಿದ್ದು ದೀಪದ ಸ್ವಿಚ್ಚಿನ ವಿಷಯ.

ಇಬ್ಬರದ್ದೂ ತಾಮ್ರದ ತಂತಿ ಎಳೆಯುವ ಕೆಲಸವೇ. ಆದರೆ ಅವರ ಮಾತುಗಳು ನಮ್ಮೂರಿಗೆ ಬಂದ ಕಾಲ ಬೇರೆ, ದಾರಿ ಬೇರೆ.

ಮೊದಲು ಬಂದದ್ದು ಕರೆಂಟಿನ ಮಾತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಸುತ್ತಲ ಜನ ಬ್ಲಫ್ ಅನ್ನುವ ಜಾಗದಲ್ಲಿ, ಕಾವೇರಿ ನೀರಿನಿಂದ ವಿದ್ಯುತ್ ತೆಗೆದರು. ಅದು ಪಕ್ಕದ ಹಳ್ಳಿಗೆ ಬರಲಿಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು! ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಅಲ್ಲಿಂದ ಫೇಸು (ಕರೆಂಟ್ ತರುವ ವೈರು), ನ್ಯೂಟ್ರಲ್ಲು (ವಾಪಸ್ ಒಯ್ಯುವ ವೈರು), ಅರ್ಥು (ನೆಲಕ್ಕೆ ಇಳಿಸುವ ವೈರು), ಫ್ಯೂಸು ನಮ್ಮ ಮಾತಿಗೇ ಸೇರಿಕೊಂಡವು. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ‘ತ್ರೀ ಫೇಸ್ ಬಂತಾ?’ ಅಂದರೆ ಬಿಡಿಸಿ ಹೇಳಬೇಕಿಲ್ಲ. ಮೂರರಲ್ಲಿ ಒಂದು ಫೇಸ್ ಹೋದಾಗ ಪಂಪ್‌ಸೆಟ್ ಓಡುತ್ತಲೇ ಇದ್ದರೆ ಮೋಟಾರ್ ಸುಡುತ್ತದೆ. ಆ ಪದ ಕಲಿಸಿದ್ದು ಶಾಲೆಯಲ್ಲ, ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತಿಸಿದ ರಿವೈಂಡಿಂಗ್ ಬಿಲ್ಲು.

ಹಳಬರು ಇವತ್ತಿಗೂ ‘ಮೂರು-ಇಪ್ಪತ್ತೆರಡರ ವೈರು’ ಅನ್ನುತ್ತಾರೆ. ಅಂದರೆ 22 ಗೇಜಿನ ಮೂರು ಎಳೆ. ಗೇಜ್ ಅಂದರೆ ತಂತಿಯ ದಪ್ಪ ಹೇಳುವ ಅಂಕಿ, ಅದು ಜಾಸ್ತಿ ಆದಷ್ಟೂ ತಂತಿ ಸಣ್ಣ. ಇದು ಉಲ್ಟಾ ಅನ್ನಿಸುತ್ತೆ ಅಲ್ವಾ? ತಂತಿಯನ್ನು ಒಂದಾದ ಮೇಲೊಂದು ಸಣ್ಣ ತೂತಿನಲ್ಲಿ ಎಳೆದೆಳೆದು ತೆಳ್ಳಗೆ ಮಾಡುತ್ತಿದ್ದರು. ಎಷ್ಟು ಸಲ ಎಳೆದರು ಎಂಬ ಲೆಕ್ಕದಿಂದ ಬಂದ ಅಂಕಿ ಅದು. ಈಗ ಅಂಗಡಿಯಲ್ಲಿ 1.5, 2.5 ಸ್ಕ್ವೇರ್ ಎಂಎಂ ಎಂದು ಕೇಳಬೇಕು. ನೆಟ್ ಕೇಬಲ್ಲಿನವರು ಮಾತ್ರ ಇನ್ನೂ ಗೇಜ್ ಬಿಟ್ಟಿಲ್ಲ.

ಬಣ್ಣದ್ದು ಇದಕ್ಕಿಂತ ದೊಡ್ಡ ಫಜೀತಿ. ನಮ್ಮಲ್ಲಿ ಮೂರು ಫೇಸಿಗೆ ಕೆಂಪು, ಹಳದಿ, ನೀಲಿ. ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಎಷ್ಟೋ ಮಿಕ್ಸಿ, ಕಂಪ್ಯೂಟರ್‌ಗಳ ವೈರು ಬಿಚ್ಚಿದರೆ ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್. ಗೋಡೆಯೊಳಗೆ ಶಾಕ್ ಹೊಡೆಯುವ ನೀಲಿ, ಮಿಕ್ಸಿ ವೈರಿನಲ್ಲಿ ಸಾಧು! ಹಾಗಂತ ಮುಟ್ಟಬೇಡಿ, ಟೆಸ್ಟರ್ ಇಟ್ಟು ನೋಡಿ. ನೆಟ್ ಕೇಬಲ್ಲಿನಲ್ಲೂ ಒಂದು ನೀಲಿ ಇದೆ, ಅದರ ಕಥೆಯೇ ಬೇರೆ.

ಆ ಕೇಬಲ್ ಸುಲಿದರೆ ಎಂಟು ಎಳೆ. ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರ, ಜಡೆ ಹಾಗೆ ಹೊಸೆದಿರುತ್ತಾರೆ. ಇದು ಟೆಲಿಫೋನಿನ ಆಸ್ತಿ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊಸೆದಾಗ ಹೊರಗಿನ ಗಲಾಟೆ, ಅಂದರೆ ಅಕ್ಕಪಕ್ಕದ ವೈರುಗಳಿಂದ ಬರುವ ಅಡಚಣೆ, ಎರಡೂ ಎಳೆಗೆ ಹೆಚ್ಚುಕಮ್ಮಿ ಒಂದೇ ಸಮ ತಟ್ಟುತ್ತದೆ. ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಲೆಕ್ಕ ಹಿಡಿಯುವುದು ಎರಡರ ವ್ಯತ್ಯಾಸವನ್ನು ಮಾತ್ರ. ಹಾಗಾಗಿ ಗಲಾಟೆ ವಜಾ.

1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯಲ್ಲಿ, ಕಂಪ್ಯೂಟರ್‌ಗಳನ್ನು ಕೇಬಲ್ಲಿನಿಂದ ಜೋಡಿಸುವ ಈಥರ್‌ನೆಟ್ ಹುಟ್ಟಿದಾಗ ಈ ಜಡೆ ಇರಲಿಲ್ಲ. ಒಂದೇ ದಪ್ಪ ಕೇಬಲ್, ಎಲ್ಲ ಕಂಪ್ಯೂಟರೂ ಅದಕ್ಕೇ ನೇತಾಡಬೇಕು. ಬೆಳಕು ‘ಈಥರ್’ ಎಂಬುದರಲ್ಲಿ ಹರಿಯುತ್ತದೆ ಎಂದು ಹಿಂದೆ ನಂಬಿದ್ದರಲ್ಲ, ಹೆಸರು ಅಲ್ಲಿಂದ. ಫೋನಿನ ಜಡೆಗೆ ಅದನ್ನು ಇಳಿಸಿದ್ದು ಆಮೇಲೆ, 1990ರ ಹೊತ್ತಿಗೆ ಅದಕ್ಕೊಂದು ಸ್ಟ್ಯಾಂಡರ್ಡ್ ಆಯಿತು. ಫೋನಿನ ಲೈನು ಕೇಬಲ್ ತುದಿಯ ಕನೆಕ್ಟರಿನ ನಟ್ಟನಡುವೆ ಕೂರುತ್ತಿತ್ತು, ಅದೇ ನೀಲಿ ಜೋಡಿ. ಆ ಜಾಗ ಅದಕ್ಕೇ ಬಿಟ್ಟು, ಹಸಿರು ಜೋಡಿಯನ್ನು ಅದರ ಆಚೆ ಒಂದು, ಈಚೆ ಒಂದು ಕೂರಿಸಿದರು. ನೆಟ್ ಹುಡುಗರು ‘ಹಸಿರು ಯಾಕೆ ಸರ್ ಹಿಂಗೆ?’ ಎಂದು ತಲೆ ಕೆರೆದುಕೊಳ್ಳುವುದು ಇದಕ್ಕೇ.

ನಮ್ಮ ಮನೆಯಲ್ಲಿ 300 ಎಂಬಿಪಿಎಸ್ ಪ್ಲಾನ್. ಬಂದದ್ದು 94. ರೌಟರ್ ಆಫ್ ಮಾಡಿ ಆನ್ ಮಾಡಿದೆವು, ಅದೇ 94. ಕೊನೆಗೆ ಹುಡುಗ ಕನೆಕ್ಟರನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಕಂದು ಎಳೆ ಒಂದು ತುದಿ ಮುಟ್ಟಿರಲಿಲ್ಲ. ನೂರರವರೆಗೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಅದರ ಮೇಲೆ ಬೇಕಂದ್ರೆ ನಾಲ್ಕೂ ಜೋಡಿ ದುಡಿಯಬೇಕು. ಕತ್ತರಿಸಿ ಹೊಸ ಕನೆಕ್ಟರ್ ಒತ್ತಿ ಕೂರಿಸಿದ (ಕ್ರಿಂಪ್ ಅಂತಾರೆ), ಸ್ಪೀಡ್ 290 ದಾಟಿತು.

ಖುಷಿಯಲ್ಲಿ ಅವನು ಆ ಕೇಬಲ್ಲನ್ನು ಕರೆಂಟ್ ಪೈಪಿನೊಳಗೇ ತೂರಿಸಲು ಹೋದ. ಎಲೆಕ್ಟ್ರಿಷಿಯನ್ ಏಣಿಯಿಂದ ಇಳಿದೇ ಬಂದರು. ‘ಇನ್ಸುಲೇಷನ್ ಸುಲಿದ್ರೆ ನಿನ್ನ ಡಬ್ಬಿಗೆ 230 ವೋಲ್ಟು ಹೋಗುತ್ತೆ ಕಣಪ್ಪ. ಬೇರೆ ಪೈಪ್ ಹಾಕು’ ಎಂದು, ತಾವೇ ಅಳತೆ ತೆಗೆದು ಪೈಪ್ ಕೊಯ್ದುಕೊಟ್ಟರು.