ಆಟಿಸಂ ಮಕ್ಕಳ ಆತಂಕಕ್ಕೆ ಮಾತ್ರೆ: ಯಾರೂ ಸರಿಯಾಗಿ ಕೇಳದ ಪ್ರಶ್ನೆಯ ಕಥೆ

ಮಕ್ಕಳ ಆತಂಕಕ್ಕೆ ಮಾತ್ರೆ ಕೆಲಸ ಮಾಡುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗಗಳಲ್ಲಿ ಆಟಿಸಂ, ಅಂದರೆ ಬೇರೆಯವರೊಡನೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ತೊಂದರೆ, ಇರುವ ಮಕ್ಕಳನ್ನು ಸೇರಿಸಿಕೊಂಡಿರಲಿಲ್ಲ. ಆಟಿಸಂ ಮಕ್ಕಳಿಗೇ ಆ ಜಾತಿಯ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳು ಮುಖ್ಯವಾಗಿ ಅಳೆದದ್ದು ಆತಂಕವನ್ನಲ್ಲ. ಹದಿಹರೆಯದ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ "ಈ ಭಯಕ್ಕೆ ಏನಾದರೂ ಔಷಧಿ ಇದೆಯಾ ಡಾಕ್ಟ್ರೇ?" ಎಂದು ಕೇಳುವ ಅಪ್ಪ ಅಮ್ಮನಿಗೆ ಇವತ್ತಿಗೂ ಖಚಿತ ಉತ್ತರ ಸಿಗುವುದಿಲ್ಲ. ಅದಕ್ಕೆ ಕಾರಣ ಇಲ್ಲೇ ಇದೆ.

ಭಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದೇನಲ್ಲ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲೇ ಅದು ಎದ್ದು ಕಾಣುತ್ತದೆ. ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಉಯ್ಯಾಲೆ, ಹರಿಯುವ ನೀರು, ಕೊನೆಗೆ ಗಾಳಿ ಬೀಸಿದರೂ ಬೆಚ್ಚುವ ಮಕ್ಕಳು ಅದರಲ್ಲಿದ್ದಾರೆ. ಎಲ್ಲವೂ ಇದ್ದ ಹಾಗೇ ಇರಬೇಕು ಎಂಬ ಅವರ ಹಟವನ್ನು ವಿವರಿಸುವಾಗಲೂ ಕ್ಯಾನರ್ ಅದಕ್ಕೆ ಆತಂಕವನ್ನು ಜೋಡಿಸಿಯೇ ಬರೆದರು. ಆದರೆ ಮುಂದಿನ ಎರಡು ದಶಕ ಚರ್ಚೆ ಬೇರೆ ಕಡೆ ಹೋಯಿತು. ತಾಯಿಯ ಪ್ರೀತಿ ಸಾಲದೇ ಮಗು ಹೀಗಾಯಿತು ಎಂಬ ಕ್ರೂರ ವಾದವೇ ಮೇಲುಗೈ ಪಡೆಯಿತು. 1964ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ ಅದನ್ನು ನೇರವಾಗಿ ಪ್ರಶ್ನಿಸಿದ ಮೇಲೆ ಆ ವಾದದ ಬಲ ನಿಧಾನವಾಗಿ ಕುಗ್ಗಿತು.

ಅಷ್ಟರಲ್ಲಿ, 1961ರಲ್ಲಿ, ಪ್ರಯೋಗಾಲಯದಿಂದ ಒಂದು ಸುಳಿವು ಸಿಕ್ಕಿತ್ತು. ಕೆಲವು ಆಟಿಸಂ ಮಕ್ಕಳ ರಕ್ತದಲ್ಲಿ ಸೆರೊಟೋನಿನ್, ಅಂದರೆ ನರಕೋಶಗಳು ಸಂದೇಶ ಸಾಗಿಸಲು ಬಳಸುವ ಒಂದು ರಾಸಾಯನಿಕ, ಜಾಸ್ತಿ ಇತ್ತು. ಜಾಸ್ತಿ ಇದ್ದರೆ ಇಳಿಸಿದರಾಯಿತು, ಅಲ್ವಾ? ಹಾಗೆಂದುಕೊಂಡೇ ಫೆನ್‌ಫ್ಲೂರಮೀನ್ ಎಂಬ ಔಷಧಿಯನ್ನು ಪ್ರಯತ್ನಿಸಿದರು. 1982ರಲ್ಲಿ ಬರೀ ಮೂವರು ಹುಡುಗರ ಮೇಲಿನ ವರದಿ ಬಂದದ್ದೇ ತಡ, ದೊಡ್ಡ ಭರವಸೆ ಹುಟ್ಟಿತು. ಹೆಚ್ಚು ಮಕ್ಕಳಿಗೆ ಕೊಟ್ಟು ನೋಡಿದಾಗ ಆ ಭರವಸೆ ಉಳಿಯಲಿಲ್ಲ. ತೂಕ ಇಳಿಸಲೆಂದು ಮಾರಾಟವಾಗುತ್ತಿದ್ದ ಅದೇ ಔಷಧಿ ಹೃದಯದ ಕವಾಟಕ್ಕೆ ಹಾನಿ ಮಾಡುತ್ತದೆ ಎಂದು ಗೊತ್ತಾಗಿ 1997ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು.

ಇದರ ನಡುವೆ, 1987ರಲ್ಲಿ, ಅಮೆರಿಕದಲ್ಲಿ ಖಿನ್ನತೆಗೆ ಕೊಡುವ ಫ್ಲೂಆಕ್ಸಟೀನ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದರ ಹಿಂದೆಯೇ ಅದೇ ಗುಂಪಿನ, ಎಸ್‌ಎಸ್‌ಆರ್‌ಐ ಎಂದು ಕರೆಯುವ, ಇನ್ನಷ್ಟು ಮಾತ್ರೆಗಳು ಬಂದವು. ಇವು ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತವೆ. ಮೊದಲು ಇಳಿಸಲು ಹೊರಟವರು ಈಗ ಏರಿಸಲು ಹೊರಟರು ಎಂದು ತಮಾಷೆ ಮಾಡಬಹುದು. ಆದರೆ ಇದಕ್ಕೂ ಒಂದು ತರ್ಕ ಇತ್ತು. ಪದೇ ಪದೇ ಕೈ ತೊಳೆಯುವ, ಬೀಗ ನೋಡುವ ಗೀಳು ರೋಗಕ್ಕೆ ಈ ಔಷಧಿಗಳು ಉಪಯೋಗವಾಗುತ್ತಿದ್ದವು. ಆಟಿಸಂ ಇರುವವರೂ ಮಾಡಿದ್ದನ್ನೇ ಮಾಡುತ್ತಾರಲ್ಲ, ಅವರಿಗೂ ಆಗಬಹುದು ಎಂದುಕೊಂಡರು. 1996ರಲ್ಲಿ ಆಟಿಸಂ ಇರುವ 30 ವಯಸ್ಕರ ಮೇಲೆ ನಡೆದ, ಅದೇ ಗುಂಪಿನ ಫ್ಲೂವಾಕ್ಸಮೀನ್ ಪ್ರಯೋಗದಲ್ಲಿ ಔಷಧಿ ಪಡೆದ 15 ಮಂದಿಯಲ್ಲಿ 8 ಮಂದಿ ಸುಧಾರಿಸಿದರು. ಹೋಲಿಕೆಗೆಂದು ಔಷಧಿಯೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಒಬ್ಬರೂ ಇಲ್ಲ.

ನನ್ನ ಪ್ರಕಾರ ದಾರಿ ತಪ್ಪಿದ್ದು ಇಲ್ಲೇ. ಗುರಿ ಭಯ ಆಗಲಿಲ್ಲ, ಪುನರಾವರ್ತನೆ ಆಯಿತು. "ಬಸ್ಸು ಎಷ್ಟು ಗಂಟೆಗೆ ಬರುತ್ತೆ?" ಎಂದು ಒಂದೇ ಬೆಳಗ್ಗೆ ಇಪ್ಪತ್ತು ಸಲ ಕೇಳುವ ಇಬ್ಬರು ಹುಡುಗರನ್ನು ನೆನೆಸಿಕೊಳ್ಳಿ. ಒಬ್ಬನಿಗೆ ಬಸ್ಸಿನ ವೇಳಾಪಟ್ಟಿ ಎಂದರೆ ಪ್ರಾಣ. ಉತ್ತರ ಕೇಳಿದಷ್ಟೂ ಅವನಿಗೆ ಖುಷಿ. ಇನ್ನೊಬ್ಬನಿಗೆ ಶಾಲೆಯ ಗದ್ದಲ ನೆನೆದೇ ಹೊಟ್ಟೆ ತೊಳಸುತ್ತಿದೆ. ಉತ್ತರ ಸಿಕ್ಕ ಅರೆ ನಿಮಿಷ ಸಮಾಧಾನ, ಮತ್ತೆ ಅದೇ ಪ್ರಶ್ನೆ. ಎಣಿಸಿದರೆ ಇಬ್ಬರದ್ದೂ ಇಪ್ಪತ್ತೇ. ಮೊದಲನೆಯವನಿಗೆ ಮಾತ್ರೆ ಯಾಕೆ ಬೇಕು?

ರೋಗಗಳನ್ನು ವಿಂಗಡಿಸುವ ಪುಸ್ತಕವೂ ಈ ಗೊಂದಲಕ್ಕೆ ಕೈ ಜೋಡಿಸಿತು. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಹೊರತಂದ ಡಿಎಸ್‌ಎಂ ಕೈಪಿಡಿಯ ನಾಲ್ಕನೇ ಆವೃತ್ತಿ, ಆಟಿಸಂ ಗುಂಪಿನ ತೊಂದರೆಯ ಜೊತೆಗಷ್ಟೇ ಕಾಣಿಸುವ ಅತಿಯಾದ ಚಿಂತೆಯನ್ನು ಬೇರೆ ಆತಂಕ ರೋಗ ಎಂದು ಗುರುತಿಸಬಾರದು ಎಂದಿತು. ಅದೂ ಆಟಿಸಂನ ಭಾಗವೇ ಎಂಬ ಹಾಗೆ. ಬೇರೆ ರೋಗ ಅಲ್ಲ ಎಂದ ಮೇಲೆ ಅದಕ್ಕೆ ಬೇರೆ ಪ್ರಯೋಗ ಎಲ್ಲಿಂದ ಬರಬೇಕು?

2008ರಲ್ಲಿ ಮಕ್ಕಳ ಆತಂಕದ ಬಗ್ಗೆ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. 7ರಿಂದ 17 ವರ್ಷದ 488 ಮಕ್ಕಳು ಅದರಲ್ಲಿದ್ದರು. ಎಸ್‌ಎಸ್‌ಆರ್‌ಐ ಗುಂಪಿನ ಸರ್ಟ್ರಲೀನ್ ಮಾತ್ರೆ ಪಡೆದವರಲ್ಲಿ ಸುಮಾರು 55%, ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪಡೆದವರಲ್ಲಿ 60%, ಎರಡನ್ನೂ ಪಡೆದವರಲ್ಲಿ 81% ಮಕ್ಕಳು ಚೆನ್ನಾಗಿ ಸುಧಾರಿಸಿದರು. ಹುಸಿ ಮಾತ್ರೆಯಲ್ಲಿ 24%. ಒಳ್ಳೆಯ ಸುದ್ದಿಯೇ. ಆದರೆ ಆಟಿಸಂ ಇರುವ ಮಕ್ಕಳು ಬಾಗಿಲ ಹೊರಗೇ ಉಳಿದಿದ್ದರು.

ಮರುವರ್ಷ ಆಟಿಸಂ ಮಕ್ಕಳದ್ದೇ ಪ್ರಯೋಗದ ವರದಿ ಬಂತು. 149 ಮಕ್ಕಳು, ಅದೇ ಗುಂಪಿನ ದ್ರವರೂಪದ ಸಿಟಲೋಪ್ರಾಮ್. ಅಳೆದದ್ದು ಮುಖ್ಯವಾಗಿ ಪುನರಾವರ್ತನೆಯನ್ನು. ಔಷಧಿ ಗುಂಪಿನಲ್ಲಿ ಸುಧಾರಿಸಿದವರು ಸುಮಾರು 33%, ಹುಸಿ ಔಷಧಿ ಗುಂಪಿನಲ್ಲಿ 34%. ಅಡ್ಡ ಪರಿಣಾಮ ಮಾತ್ರ ಔಷಧಿ ಗುಂಪಿನಲ್ಲೇ ಜಾಸ್ತಿ. ಹುಮ್ಮಸ್ಸು ಮಿತಿಮೀರುವುದು, ಯೋಚಿಸದೆ ನುಗ್ಗುವುದು, ನಿದ್ದೆಗೆಡುವುದು, ಭೇದಿ. ಈ ಗುಂಪಿನ ಮಾತ್ರೆಗಳು ಆಟಿಸಂ ಮಕ್ಕಳಿಗೆ ಪ್ರಯೋಜನವಿಲ್ಲ ಎಂಬ ಮಾತು ಹಬ್ಬಿದ್ದು ಬಹುಪಾಲು ಇಲ್ಲಿಂದ. ಭಯಕ್ಕೆ ಪ್ರಯೋಜನವಿಲ್ಲ ಎಂದು ಆ ಪ್ರಯೋಗ ಹೇಳಿರಲಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಔಷಧಿಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್. ಒಪ್ಪಿಗೆ ಆತಂಕಕ್ಕಲ್ಲ, ಆಟಿಸಂ ಮಕ್ಕಳ ಸಿಡುಕು, ಹೊಡೆತ, ರಂಪಾಟಕ್ಕೆ. ಅವು ಕೆಲಸ ಮಾಡುತ್ತವೆ ನಿಜ, ತೂಕವನ್ನೂ ಏರಿಸುತ್ತವೆ. ಆದರೆ ಹೆದರಿ ಹೊಡೆಯುವ ಮಗುವಿನ ಚೀಟಿಯಲ್ಲಿ ಬರೆಯುವುದು ಹೊಡೆತವನ್ನು. ಹೆದರಿಕೆ ಮತ್ತೆ ಬಿಟ್ಟುಹೋಯಿತು.

ಸಮಸ್ಯೆ ಎಷ್ಟು ದೊಡ್ಡದು ಎಂಬುದು 2011ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಸ್ಪಷ್ಟವಾಯಿತು. ಆಟಿಸಂ ಇರುವ ಎಳೆಯರಲ್ಲಿ ಸುಮಾರು 40% ಮಂದಿಗೆ ಕನಿಷ್ಠ ಒಂದಾದರೂ ಆತಂಕ ರೋಗ ಇತ್ತು.

ಈಗ ವೈದ್ಯರು ಏನು ಮಾಡುತ್ತಾರೆ? ಬೇರೆ ಮಕ್ಕಳ ಪ್ರಯೋಗದ ಫಲಿತಾಂಶವನ್ನು ಎರವಲು ಪಡೆದು, ಎಚ್ಚರದಿಂದ ಹೆಜ್ಜೆ ಇಡುತ್ತಾರೆ. ಸಾಮಾನ್ಯಕ್ಕಿಂತ ಕಡಿಮೆ ಡೋಸ್‌ನಿಂದ ಶುರು, ಏರಿಸುವುದೂ ನಿಧಾನ. ಇದರ ಹಿಂದೆ ಒಂದು ಕಷ್ಟವಿದೆ. ಎಸ್‌ಎಸ್‌ಆರ್‌ಐ ಮಾತ್ರೆಗಳು ಶುರುವಿನ ವಾರಗಳಲ್ಲಿ, ಇಲ್ಲವೇ ಡೋಸ್ ಏರಿಸಿದಾಗ, ಕೆಲವು ಮಕ್ಕಳನ್ನು ಕೆರಳಿಸುತ್ತವೆ. ರಾತ್ರಿ ಹನ್ನೆರಡಾದರೂ ಮಗು ಮಲಗುವುದಿಲ್ಲ. ಸುಮ್ನೆ ಕೂರುವುದಿಲ್ಲ. ಸಣ್ಣದಕ್ಕೂ ಸಿಡಿಯುತ್ತದೆ. ನೋಡುವವರಿಗೆ ಆತಂಕವೇ ಹೆಚ್ಚಿದ ಹಾಗೆ ಕಾಣುತ್ತದೆ. ಡೋಸ್ ಸಾಲದು ಎಂದುಕೊಂಡು ಏರಿಸಿದರೆ ಇನ್ನೂ ಕೆಡುತ್ತದೆ. ಒಳಗೆ ಏನಾಗುತ್ತಿದೆ ಎಂದು ಮಾತಿನಲ್ಲಿ ಹೇಳಲಾಗದ ಮಗುವಾದರೆ ಇದನ್ನು ಹಿಡಿಯುವುದು ಬಹಳ ಕಷ್ಟ. ಖಿನ್ನತೆಗೆ ಕೊಡುವ ಈ ಔಷಧಿಗಳಿಂದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಎಫ್‌ಡಿಎ 2004ರಿಂದಲೇ ಕಟ್ಟುನಿಟ್ಟಾಗಿ ಎಚ್ಚರಿಸಿದೆ. ಆದ್ದರಿಂದ ಮೊದಲ ವಾರಗಳಲ್ಲಿ ಹತ್ತಿರದಿಂದ ಗಮನಿಸಲೇಬೇಕು. ಕೆರಳಿದ್ದು ಕಂಡರೆ ತಾವೇ ಮಾತ್ರೆ ನಿಲ್ಲಿಸುವುದಲ್ಲ, ಅವತ್ತೇ ವೈದ್ಯರಿಗೆ ಹೇಳುವುದು.

ಮಾತ್ರೆಗಿಂತ ಮುಂಚೆ ನೋಡಬೇಕಾದದ್ದೂ ಇದೆ. ಹಲ್ಲು ನೋವು, ಮಲಬದ್ಧತೆ, ಶಾಲೆಯಲ್ಲಿ ಕೀಟಲೆ, ತಡೆಯಲಾಗದ ಸದ್ದು, ಇವೆಲ್ಲ ಆತಂಕದ ವೇಷದಲ್ಲಿ ಬರುತ್ತವೆ. ಮಾತಾಡಬಲ್ಲ ಮಕ್ಕಳಿಗೆ ಸಿಬಿಟಿಯ ಆಧಾರ ಗಟ್ಟಿಯಾಗುತ್ತಿದೆ. 2020ರಲ್ಲಿ 167 ಮಕ್ಕಳ ಪ್ರಯೋಗದಲ್ಲಿ ಆಟಿಸಂಗೆಂದೇ ಬದಲಾಯಿಸಿದ ಸಿಬಿಟಿ, ಮಾಮೂಲಿ ಸಿಬಿಟಿಗಿಂತ ಹೆಚ್ಚು ಫಲ ಕೊಟ್ಟಿತು. ಮಾತು ಕಡಿಮೆ ಇರುವ ಮಕ್ಕಳಿಗೆ ಅಂಥ ದಾರಿ ಇನ್ನೂ ಕಿರಿದು.

ಇನ್ನು ಅಳತೆಯ ವಿಷಯ. ಆಟಿಸಂ ಮಕ್ಕಳ ಹೆತ್ತವರನ್ನು ಕೂರಿಸಿಕೊಂಡು, ಅವರು ಮನೆಯಲ್ಲಿ ಕಂಡ ಭಯದ ಲಕ್ಷಣಗಳನ್ನು ಕೇಳಿ ತಯಾರಿಸಿದ 25 ಪ್ರಶ್ನೆಗಳ ಒಂದು ಪಟ್ಟಿ 2019ರಲ್ಲಿ ಪ್ರಕಟವಾಯಿತು. ಔಷಧಿಯಿಂದ ಈ ಮಕ್ಕಳ ಆತಂಕ ಇಳಿಯಿತೇ ಎಂದು ನೋಡಲು ಬೇಕಾದ, ಅವರಿಗಾಗಿಯೇ ಮಾಡಿದ ಅಳತೆಗೋಲು ಅದು. ಫ್ಲೂಆಕ್ಸಟೀನ್ ಮಾರುಕಟ್ಟೆಗೆ ಬಂದು ಆಗಲೇ 30 ವರ್ಷ ದಾಟಿತ್ತು.